ಜಗನ್ಮೋಹನ ಅರಮನೆಯ ದೀಪದ ಹೆಂಗಸು: ಚಿತ್ರವೋ, ಬರೀ ಚಮತ್ಕಾರವೋ?

ಹಾದಿಹೋಕಿ:

ಬೈಸಿಕೊಳ್ಳೋಕೆ ತಯಾರಾಗಿಯೇ ಬರೆಯುತ್ತಿದ್ದೇನೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಆ ದೀಪ ಹಿಡಿದ ಹೆಂಗಸಿನ ಚಿತ್ರ, ಅದೇ 'ಗ್ಲೋ ಆಫ್ ಹೋಪ್', ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಹೋದ ವಾರ ಅಮ್ಮ ಮತ್ತು ಅಕ್ಕನ ಮಗನ ಜೊತೆ ಹೋಗಿದ್ದೆ. ನೋಡದವರಿಗಾಗಿ ಹೇಳುತ್ತೇನೆ. ಒಬ್ಬ ಹೆಂಗಸು ನಿಂತಿದ್ದಾಳೆ. ಒಂದು ಕೈಯಲ್ಲಿ ದೀಪ. ಅದು ಆರದಿರಲಿ ಅಂತ ಇನ್ನೊಂದು ಕೈ ಅಡ್ಡ ಹಿಡಿದಿದ್ದಾಳೆ. ಬೆರಳುಗಳು ಬೆಳಕಿಗೆ ಕೆಂಪಾಗಿವೆ. ಮುಖ ಬೆಳಗಿದೆ. ಹಿಂದೆ ಗೋಡೆಯ ಮೇಲೆ ಅವಳ ನೆರಳು. ಇಷ್ಟೇ ಚಿತ್ರ. ಅದನ್ನು ಮಬ್ಬುಗತ್ತಲಲ್ಲಿ ಇಟ್ಟಿದ್ದಾರೆ. ಜನ ಬರುತ್ತಾರೆ, 'ಅಬ್ಬಾ, ನಿಜವಾದ ದೀಪದ ಥರಾನೇ ಇದೆ' ಅನ್ನುತ್ತಾರೆ, ಹೋಗುತ್ತಾರೆ. ನನಗೆ ಕಿರಿಕಿರಿ ಆಗಿದ್ದು ಇದೇ. ನಿಜದ ಥರ ಕಾಣಿಸೋದು ಜಾಣತನ. ಅದಕ್ಕೆ ಚಪ್ಪಾಳೆ ಹೊಡೆಯಬಹುದು. ಆದರೆ ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರೋಣ ಅನ್ನಿಸಬೇಕಲ್ವಾ? ಬೆರಳು ನೋಡಿದೆ, ಮುಖ ನೋಡಿದೆ, ಮುಗೀತು.

ನಾನು ನಿಂತದ್ದು ಬೇರೆ ಕಡೆ. ರವಿವರ್ಮನ 'ಗ್ಯಾಲಕ್ಸಿ ಆಫ್ ಮ್ಯೂಸಿಷಿಯನ್ಸ್' ಮುಂದೆ. 1889ರ ಸುಮಾರಿಗೆ ಬರೆದ ತೈಲವರ್ಣ. ಬೇರೆ ಬೇರೆ ಸೀಮೆಯ ಹನ್ನೊಂದು ಹೆಂಗಸರು ಒಟ್ಟಿಗೆ ಸೇರಿದ್ದಾರೆ. ಮುಂದೆ ಕೂತವಳ ಕೈಯಲ್ಲಿ ವೀಣೆ. ಹಿಂದೆ ದೊರೆಸಾನಿ ಥರ ಟೋಪಿ ಹಾಕಿದವಳೂ ಒಬ್ಬಳಿದ್ದಾಳೆ. ಎಲ್ಲರೂ ಸಂಗೀತಗಾರರು, ಆದರೆ ಒಬ್ಬಳ ಕಣ್ಣು ಇನ್ನೊಬ್ಬಳ ಕಣ್ಣಿಗೆ ಸೇರುವುದೇ ಇಲ್ಲ. ಕಛೇರಿ ನೋಡಿದವರಿಗೆ ಗೊತ್ತು, ಪಕ್ಕವಾದ್ಯದವರು ಕಣ್ಣಲ್ಲೇ ಎಷ್ಟು ಮಾತಾಡುತ್ತಾರೆ ಅಂತ. ಇಲ್ಲಿ ಅದಿಲ್ಲ. ಎಲ್ಲರೂ ತಮ್ಮ ಪಾಡಿಗೆ ತಾವು. ಇವರನ್ನೆಲ್ಲ ಒಂದೇ ಕೋಣೆಗೆ ಕರೆತಂದದ್ದು ಯಾರು, ಇವರು ಏನು ಮಾತಾಡಿಕೊಂಡಾರು ಅಂತ ಯೋಚನೆ ಹತ್ತಿತು.

ಇನ್ನೊಂದು ಇಷ್ಟವಾದದ್ದು ಗೋಡೆಯ ಮೇಲಿನ ಹಳೇ ದಸರಾ ಮೆರವಣಿಗೆ. ಅಕ್ಕನ ಮಗ ಆನೆ ಎಣಿಸುತ್ತಾ ಅಲ್ಲೇ ಕೂತುಬಿಟ್ಟ. ಅಮ್ಮ ಮಾತ್ರ ದೀಪದ ಮುಂದಿನಿಂದ ಕದಲಲಿಲ್ಲ.

ನಿಮಗೆಲ್ಲ ಆ ಚಿತ್ರ ನಿಜವಾಗಿ ಇಷ್ಟಾನಾ? ಅಥವಾ ಎಲ್ಲರೂ ಇಷ್ಟ ಅಂತಾರೆ ಅಂತ ಇಷ್ಟಾನಾ?

ದೇವರಾಜ ಮೊಹಲ್ಲಾ:

ಮೇಡಂ, ಬೈಯಲ್ಲ. ಆದರೆ ಕೊನೇ ಸಾಲು ಸ್ವಲ್ಪ ಚುಚ್ಚಿತು.

ನಮ್ಮ ಮನೆಗೆ ನೆಂಟರು ಬಂದರೆ ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ ಆದಮೇಲೆ 'ಹಾಗೇ ದೀಪದ ಚಿತ್ರಾನೂ ತೋರಿಸ್ಕೊಂಡು ಬಾ' ಅಂತ ಹೇಳಿ ಕಳಿಸುತ್ತಿದ್ದರು. ನೆಂಟರ ನೆಪದಲ್ಲೇ ನಾನು ಅದನ್ನು ನೋಡುತ್ತಾ ಬಂದವನು. ಚಿಕ್ಕವನಿದ್ದಾಗ ನನಗೆ ಆ ಫ್ರೆಂಚ್ ಗಡಿಯಾರವೇ ಹೆಚ್ಚು. ಗಂಟೆ ಹೊಡೆಯುವಾಗ ಪುಟಾಣಿ ಸಿಪಾಯಿಗಳು ಕವಾಯತು ಮಾಡುತ್ತಾರಲ್ಲ, ಅದು. ಆಮೇಲೆ ಯಾವಾಗಲೋ ದೀಪ ಹಿಡಿಯಿತು. ಯಾರೂ ಹೇಳಿಕೊಟ್ಟು ಹಿಡಿದದ್ದಲ್ಲ.

ನೀವು ಬೆರಳು, ಮುಖ ಅಂತ ಬೇರೆ ಬೇರೆ ನೋಡಿದ್ದೀರಿ. ಅವಳ ಗಮನ ಪೂರ್ತಿ ಒಂದು ಸಣ್ಣ ಕೆಲಸದ ಮೇಲಿದೆ: ದೀಪ ಆರಬಾರದು. ಆ ಗಮನವೇ ಚಿತ್ರ. ನಿಮ್ಮ ಅಮ್ಮ ಯಾಕೆ ಕದಲಲಿಲ್ಲ ಅಂತ ಕೇಳಿದ್ರಾ?

ಸುಮ್ನೆ ಬಂದೆ:

ಒಂದು ನಿಮಿಷ, ದೀಪದ ಚಿತ್ರಾನೂ ರವಿವರ್ಮಂದೇ ಅಲ್ವಾ? ನಮ್ಮ ಮನೆ ಕ್ಯಾಲೆಂಡರ್ ಮೇಲೆ ಹಾಗೇ ಇತ್ತು.

ಕುಂದಾನಗರಿ:

ಅಲ್ಲ ರೀ. ಈ ಮಾತನ್ನು ಎಷ್ಟು ಕಡೆ ತಿದ್ದಿದರೂ ಮುಗಿಯುವುದಿಲ್ಲ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ದೀಪದ ಚಿತ್ರ ಬರೆದದ್ದು 1945-46ರಲ್ಲಿ. ನಡುವೆ ನಲವತ್ತು ವರ್ಷ ಇದೆ.

ಬರೆದವರು ಎಸ್.ಎಲ್. ಹಲ್ದಂಕರ್. ಸಾವಂತವಾಡಿಯವರು. ನಮ್ಮ ಬೆಳಗಾವಿಯಿಂದ ಅಂಬೋಲಿ ಘಾಟ್ ಇಳಿದರೆ ಸಿಗುವ ಊರು. ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತರು. 1908ರಲ್ಲಿ ಮುಂಬೈಯಲ್ಲೇ ತಮ್ಮದೊಂದು ಚಿತ್ರಕಲಾ ಶಾಲೆ ತೆರೆದರು. 1968ರಲ್ಲಿ ತೀರಿಕೊಂಡರು. ಚಿತ್ರದಲ್ಲಿ ನಿಂತಿರುವುದು ಅವರ ಮಗಳು ಗೀತಾ. ದೀಪಾವಳಿ ಸಮಯದಲ್ಲಿ ಮಗಳು ದೀಪ ಹಿಡಿದು ನಿಂತದ್ದು ಕಂಡು ಇದು ಹೊಳೆಯಿತಂತೆ. ಗಂಟೆಗಟ್ಟಲೆ ಹಾಗೇ ನಿಲ್ಲಿಸಿದ್ದರಂತೆ. ಆಕೆ ಕೊಲ್ಹಾಪುರದಲ್ಲಿ ಇದ್ದರು. 2018ರಲ್ಲಿ ತೀರಿಕೊಂಡಾಗ 102 ವರ್ಷ. ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಸುಮ್ನೆ ಬಂದೆ:

ಸರಿ ಬಿಡಿ. ಯಾರು ಬರೆದರೇನು, ಚಿತ್ರ ಚೆನ್ನಾಗಿದ್ದರಾಯ್ತು.

ಕುಂದಾನಗರಿ:

ಆಗಲ್ಲ. ಯಾರು ಬರೆದದ್ದು ಅಂತ ಗೊತ್ತಿದ್ದರೆ ನೋಡುವ ರೀತಿಯೇ ಬದಲಾಗುತ್ತದೆ. ರವಿವರ್ಮ ಅಂದುಕೊಂಡು ನೋಡಿದರೆ 'ಇವಳು ಯಾವ ಪುರಾಣದವಳು?' ಅಂತ ಹುಡುಕುತ್ತೀರಿ. ದಮಯಂತಿಯಾ, ಶಕುಂತಲೆಯಾ ಅಂತ. ಹಲ್ದಂಕರ್ ಅಂತ ಗೊತ್ತಿದ್ದರೆ ಇವಳು ಯಾರೂ ಅಲ್ಲ, ಮನೆಯ ಮಗಳು. ಹೇಳುವುದಕ್ಕೆ ಕಥೆಯೇ ಇಲ್ಲ. ಹಾಗಾಗಿ ಬೆಳಕೇ ಎಲ್ಲವನ್ನೂ ಹೊರಬೇಕು. ಹಾದಿಹೋಕಿಯವರು 'ಇಷ್ಟೇ ಚಿತ್ರ' ಅಂದರಲ್ಲ, ಆ ಇಷ್ಟೇ ಅನ್ನುವುದನ್ನು ಆರಿಸಿಕೊಳ್ಳುವುದಕ್ಕೂ ಧೈರ್ಯ ಬೇಕು.

ಇನ್ನೊಂದು, ರವಿವರ್ಮ ತೈಲವರ್ಣದವರು. ಇದು ಕಾಗದದ ಮೇಲಿನ ಜಲವರ್ಣ.

ಸುಮ್ನೆ ಬಂದೆ:

ವಾಟರ್ ಕಲರ್ರಾ?! ನಾವು ಸ್ಕೂಲಲ್ಲಿ ಬಳಿಯುತ್ತಿದ್ದ ಬಣ್ಣದಲ್ಲಾ?

ಡ್ರಾಯಿಂಗ್ ಮೇಷ್ಟ್ರು:

ಹೌದಪ್ಪಾ, ಅದೇ ವಾಟರ್ ಕಲರ್. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಅದನ್ನೇ ಕಲಿಸಿದವನು ನಾನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಆಯಿಲ್ ಪೇಂಟಿಂಗ್‌ನಲ್ಲಿ ಮೊದಲು ಕತ್ತಲೆ ಬಳಿದು, ಆಮೇಲೆ ಅದರ ಮೇಲೆ ದಪ್ಪಗೆ ಹಳದಿ, ಬಿಳಿ ಇಡಬಹುದು. ತಪ್ಪಾದರೆ ಕೆರೆದು ಮತ್ತೆ ಬಳಿಯಬಹುದು. ತೆಳು ಜಲವರ್ಣದಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಬೆಳಕು ಅಂದರೆ ಕಾಗದದ ಬಿಳಿ. ಎಲ್ಲಿ ಬೆಳಕು ಬೇಕೋ ಅಲ್ಲಿ ಬ್ರಷ್ ತಾಗಿಸದೆ ಉಳಿಸಿಕೊಳ್ಳಬೇಕು. ತಿಳಿ ಬಣ್ಣದಿಂದ ಶುರು ಮಾಡಿ ಗಾಢಕ್ಕೆ ಹೋಗಬೇಕು. ಒಂದು ಸಲ ಗಾಢವಾಯಿತೋ, ಅಲ್ಲಿಂದ ಬೆಳಕನ್ನು ವಾಪಸ್ ತರುವುದು ಕಷ್ಟ. ಅಂದರೆ ದೀಪ ಎಲ್ಲಿ, ಬೆರಳ ತುದಿ ಎಲ್ಲಿ, ಮೂಗಿನ ಮೇಲಿನ ಬೆಳಕು ಎಲ್ಲಿ ಅನ್ನುವುದೆಲ್ಲ ಬ್ರಷ್ ಅದ್ದುವ ಮೊದಲೇ ತೀರ್ಮಾನ ಆಗಿರಬೇಕು.

ಅದಕ್ಕಿಂತ ದೊಡ್ಡ ಕಷ್ಟ ಕತ್ತಲೆಯದು. ಜಲವರ್ಣ ತಿಳಿಯಾದ ಆಕಾಶ, ಮಂಜು, ನೀರು ಇಂಥವಕ್ಕೆ ಒಗ್ಗುವ ಬಣ್ಣ. ಪದರದ ಮೇಲೆ ಪದರ ಹಾಕಿ ಕತ್ತಲು ಮಾಡಲು ಹೊರಟರೆ ರಾಡಿಯಾಗುತ್ತದೆ. ಮಕ್ಕಳ ಚಿತ್ರದಲ್ಲಿ ನೋಡಿರುತ್ತೀರಿ, ಎಲ್ಲಾ ಬಣ್ಣ ಸೇರಿ ಕೊನೆಗೆ ಕೆಸರು. ಹಲ್ದಂಕರ್ ಚಿತ್ರದ ಬಹುಪಾಲು ಕತ್ತಲೆಯೇ, ಆದರೆ ಕೆಸರಿಲ್ಲ. ನಾನು ಅಲ್ಲಿಗೆ ಹೋದಾಗಲೆಲ್ಲ ಮುಖ ಬಿಟ್ಟು ಹಿಂದಿನ ಗೋಡೆಯನ್ನೇ ಜಾಸ್ತಿ ನೋಡುವುದು.

ಬೆರಳಿನ ಕೆಂಪಿಗೆ ಬರೋಣ. ಇವತ್ತು ರಾತ್ರಿ ಮೊಬೈಲ್ ಟಾರ್ಚಿಗೆ ಬೆರಳು ಅಡ್ಡ ಹಿಡಿದು ನೋಡಿ. ಬೆಳಕು ಮಾಂಸದೊಳಗೆ ಹಾದು ಬರುವಾಗ ಕೆಂಪೇ ಹೆಚ್ಚು ಉಳಿಯುತ್ತದೆ. ಹಲ್ದಂಕರ್ ಅದನ್ನು ಬರೀ ಕೆಂಪು ಬಳಿದು ತೋರಿಸಿಲ್ಲ. ಬೆರಳ ಅಂಚಿನಲ್ಲಿ ತೆಳುವಾಗಿ, ನಡುವೆ ಗಾಢವಾಗಿ ಮಾಡಿದ್ದಾರೆ. ಇನ್ನು ಕೆಳಗಿನಿಂದ ಬಿದ್ದ ಬೆಳಕು ಸಾಮಾನ್ಯವಾಗಿ ಮುಖವನ್ನು ಭೂತ ಮಾಡಿಬಿಡುತ್ತದೆ. ನಾಟಕದಲ್ಲಿ ರಾಕ್ಷಸನಿಗೆ ಕೆಳಗಿನಿಂದ ಲೈಟು ಬಿಡುತ್ತಾರಲ್ಲ, ಅದಕ್ಕೇ. ಅಂಥ ಬೆಳಕಿನಲ್ಲೂ ಈ ಮುಖ ಮೃದುವಾಗಿದೆ. ಯಾಕೆಂದರೆ ನೆರಳಿನ ಅಂಚುಗಳನ್ನು ಒದ್ದೆ ಇರುವಾಗಲೇ ಹರಡಲು ಬಿಟ್ಟ ಹಾಗಿದೆ.

ಮಬ್ಬುಗತ್ತಲಲ್ಲಿ ಇಟ್ಟದ್ದರ ಬಗ್ಗೆ: ಕಾಗದದ ಮೇಲಿನ ಜಲವರ್ಣ ಬೆಳಕಿಗೆ ಮಂಕಾಗುತ್ತದೆ. ಅಂಥವಕ್ಕೆ 50 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಮೀರದ ಬೆಳಕು ಸಾಕು ಅಂತ ಮ್ಯೂಸಿಯಂಗಳವರು ಹೇಳುತ್ತಾರೆ. ಆಯಿಲ್‌ಗೆ 200ರವರೆಗೂ ಆಗಬಹುದು. ಹಾಗಾಗಿ ಆ ಕತ್ತಲೆ ಬರೀ ಜಾದೂ ತೋರಿಸಲು ಅಂತ ಅಂದುಕೊಳ್ಳಬೇಡಿ, ಕಾಗದಕ್ಕೂ ಅದು ಒಳ್ಳೆಯದು.

ಹಾದಿಹೋಕಿ:

ಮೇಷ್ಟ್ರೇ, ಇಷ್ಟು ಚೆನ್ನಾಗಿ ವಿವರಿಸಿದ್ದಕ್ಕೆ ಥ್ಯಾಂಕ್ಸ್. ಆದರೆ ಕಷ್ಟಪಟ್ಟು ಮಾಡಿದ್ದೆಲ್ಲ ದೊಡ್ಡದಾಗುತ್ತಾ? ಅದೇ ಗ್ಯಾಲರಿಯಲ್ಲಿ ಅಕ್ಕಿ ಕಾಳಿನ ಮೇಲೆ ಬರೆದ ಚಿತ್ರಗಳಿವೆ. ಭೂತಗನ್ನಡಿ ಹಿಡಿದು ನೋಡಬೇಕು. ಅದು ಇದಕ್ಕಿಂತ ಕಷ್ಟ ಇರಬಹುದು. ಅದನ್ನು ಯಾರೂ ಮಹಾನ್ ಕಲೆ ಅನ್ನುವುದಿಲ್ಲ. 'ಅಬ್ಬಾ' ಅಂತಾರೆ, ಮುಂದೆ ಹೋಗ್ತಾರೆ. ನಾನು ದೀಪದ ಬಗ್ಗೆ ಹೇಳಿದ್ದೂ ಅದನ್ನೇ.

ಡ್ರಾಯಿಂಗ್ ಮೇಷ್ಟ್ರು:

ಒಳ್ಳೇ ಪ್ರಶ್ನೆ. ಅಕ್ಕಿ ಕಾಳಿನಿಂದ ಕಷ್ಟವನ್ನು ತೆಗೆದುಬಿಡಿ. ಅದೇ ಚಿತ್ರವನ್ನು ಅಂಗೈ ಅಗಲ ಬರೆಯಿರಿ. ಏನೂ ಉಳಿಯಲ್ಲ. ದೀಪದ ಚಿತ್ರದಿಂದ ಕಷ್ಟ ತೆಗೆಯಿರಿ. ಇದು ಜಲವರ್ಣ ಅಂತ ಗೊತ್ತೇ ಇಲ್ಲದವರು, ನಮ್ಮ ಸುಮ್ನೆ ಬಂದೆಯವರ ಥರದವರು, ಅದನ್ನು ಮನೆಯ ಗೋಡೆಗೆ ಹಾಕಿಕೊಂಡಿದ್ದಾರೆ. ಅವರಿಗೆ ಕಷ್ಟದ ಸುದ್ದಿಯೇ ಬೇಕಾಗಿಲ್ಲ.

ಸುಮ್ನೆ ಬಂದೆ:

ನನ್ನನ್ನು ಉದಾಹರಣೆ ಮಾಡಿಬಿಟ್ರಲ್ಲ ಸಾರ್ 😄

ಯೂಟ್ರೆಕ್ಟ್ ಕನ್ನಡಿಗ:

ನಾನು ಹಾದಿಹೋಕಿಯವರ ಪಕ್ಷ. ಇಲ್ಲಿ ನೆದರ್ಲೆಂಡ್ಸ್‌ನಲ್ಲಿ ಮ್ಯೂಸಿಯಂಗಳಿಗೆ ಹೋದರೆ ಮೇಣದಬತ್ತಿ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ನಮ್ಮ ಯೂಟ್ರೆಕ್ಟಿನಲ್ಲೇ 1592ರಲ್ಲಿ ಹುಟ್ಟಿದ ಹಾಂಟ್‌ಹಾರ್ಸ್ಟ್ ಅನ್ನುವವನಿಗೆ ಇಟಲಿಯವರು 'ರಾತ್ರಿಗಳ ಗೆರಾರ್ಡೋ' ಅಂತಲೇ ಅಡ್ಡಹೆಸರು ಇಟ್ಟಿದ್ದರು. ಅಷ್ಟು ದೀಪದ ಚಿತ್ರ ಬರೆದ. ಫ್ರಾನ್ಸ್ ಕಡೆಯ ಜಾರ್ಜ್ ದ ಲಾ ಟೂರ್ ಇನ್ನೂ ಒಂದು ಹೆಜ್ಜೆ ಮುಂದೆ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಅವನದೊಂದು ಚಿತ್ರ ಇದೆ. ಬಡಗಿ ಜೋಸೆಫ್ ಮರಕ್ಕೆ ತೂತು ಕೊರೆಯುತ್ತಿದ್ದಾನೆ. ಬಾಲ ಯೇಸು ಮೇಣದಬತ್ತಿ ಹಿಡಿದು, ಇನ್ನೊಂದು ಕೈ ಅಡ್ಡ ಇಟ್ಟಿದ್ದಾನೆ. ಬೆಳಕು ಮಗುವಿನ ಕೈಯೊಳಗೇ ಹಾದುಬರುತ್ತೆ. 1640ರ ದಶಕದ ಚಿತ್ರ. ಅಂದರೆ ಹಲ್ದಂಕರ್‌ಗಿಂತ 300 ವರ್ಷ ಮೊದಲೇ ಆ ಬೆರಳಿನ ಕೆಂಪು ಬಂದು ಹೋಗಿದೆ.

ಅಲ್ಲಿ ಆ ಬೆಳಕಿಗೆ ಒಂದು ಕೆಲಸ ಇದೆ. ವಯಸ್ಸಾದ ತಂದೆ ಬಗ್ಗಿ ದುಡಿಯುತ್ತಿದ್ದಾನೆ, ಮಗು ಬೆಳಕು ಹಿಡಿದಿದೆ. ಮುಂದೆ ಆ ಮಗುವಿಗೇ ಮರದ ಶಿಲುಬೆ ಕಾದಿದೆ ಅಂತ ನೋಡುವವರಿಗೆ ಗೊತ್ತು. ನಮ್ಮ ದೀಪದ ಚಿತ್ರದಲ್ಲಿ ಬೆಳಕು ಚೆಂದ ಕಾಣಿಸಲಿಕ್ಕೆ ಮಾತ್ರ ಇದೆ.

ದೇವರಾಜ ಮೊಹಲ್ಲಾ:

ಗುರೂ, 300 ವರ್ಷ ಮೊದಲು ಯಾರೋ ಮಾಡಿದ್ದರು ಅಂದರೆ ಆಮೇಲಿನವರು ದೀಪವನ್ನೇ ಬರೆಯಬಾರದಾ? ಹಾಂಟ್‌ಹಾರ್ಸ್ಟ್‌ಗೂ ಮೊದಲು ಇಟಲಿಯ ಚಿತ್ರಗಾರ ಕರವಾಜ್ಜೋ ಕತ್ತಲು ಬಳಿದಿದ್ದ. ಯಾರು ಮೊದಲು ಅನ್ನೋ ರೇಸ್ ಅಲ್ಲ ಇದು. ಆಮೇಲೆ ಅವೆಲ್ಲ ಆಯಿಲ್. ಮೇಷ್ಟ್ರು ಹೇಳಿದ್ದನ್ನು ಇನ್ನೊಂದು ಸಲ ಓದಿ.

ಕುಂದಾನಗರಿ:

ಯೂಟ್ರೆಕ್ಟ್ ಅವರೇ, ನಿಮ್ಮ ಲಾ ಟೂರ್ ಕಥೆಯಲ್ಲಿ ನನಗೆ ಉಪಯೋಗಕ್ಕೆ ಬರುವುದು ಒಂದಿದೆ. ಸತ್ತಮೇಲೆ ಅವನನ್ನು ಜನ ಪೂರ್ತಿ ಮರೆತಿದ್ದರು. ಅವನ ಚಿತ್ರಗಳನ್ನು ಬೇರೆಯವರ ಹೆಸರಲ್ಲಿ ತೋರಿಸುತ್ತಿದ್ದರು. 1915ರಲ್ಲಿ ಜರ್ಮನಿಯ ವಿದ್ವಾಂಸ ಹರ್ಮನ್ ಫಾಸ್ ಇವು ಲಾ ಟೂರ್‌ನವು ಅಂತ ಬರೆದ ಮೇಲೆಯೇ ಹೆಸರು ವಾಪಸ್ ಬಂದದ್ದು. ಹಲ್ದಂಕರ್‌ಗೆ ನಾವು ಮಾಡುತ್ತಿರುವುದೂ ಅದನ್ನೇ. ವ್ಯತ್ಯಾಸ ಇಷ್ಟೇ, ಇಲ್ಲಿ ಚಿತ್ರದ ಪಕ್ಕವೇ ಹೆಸರಿದೆ, ಓದುವವರಿಲ್ಲ.

'ಬೆಳಕಿಗೆ ಕೆಲಸ ಇಲ್ಲ' ಅನ್ನುವುದನ್ನು ಮಾತ್ರ ಒಪ್ಪಲ್ಲ. ಶಿಲುಬೆ ಗೊತ್ತಿದ್ದವರಿಗೆ ಮಾತ್ರ ಆ ಚಿತ್ರ ಪೂರ್ತಿ ತೆರೆಯುತ್ತದೆ ಅಂದರಲ್ಲ, ಮುಸ್ಸಂಜೆಗೆ ದೀಪ ಹಚ್ಚಿ ಬಾಗಿಲಿಗೆ ತಂದಿಡುವ ಮನೆಯಲ್ಲಿ ಬೆಳೆದವರಿಗೆ ಇದೂ ಹಾಗೇ ತೆರೆಯುತ್ತದೆ.

ಹಾದಿಹೋಕಿ:

ಅಮ್ಮನ್ನ ಕೇಳಿದೆ. ಮೊಹಲ್ಲಾ ಅವರು ಕೇಳಿದ್ದಕ್ಕೆ ಉತ್ತರ.

ಅಮ್ಮ ಹುಟ್ಟಿದ್ದು ಸಾಗರದ ಕಡೆ ಹಳ್ಳಿ. ಮದುವೆ ಆಗುವ ತನಕ ಮನೆಗೆ ಕರೆಂಟ್ ಬಂದಿರಲಿಲ್ಲ. ಅವರು ಹೇಳಿದ್ದು ಹೀಗೆ: 'ದೀಪ ಹಿಡ್ಕೊಂಡು ಒಳಗಿಂದ ಜಗಲಿಗೆ ಬರುವಾಗ ಕೈ ಹಾಗೇ ಬರ್ತದೆ. ಯೋಚನೆ ಮಾಡಿ ಇಡೋದಲ್ಲ. ಅಂಗೈ ಬಿಸಿ ಆಗ್ತದೆ, ಆದರೂ ತೆಗಿಯೋ ಹಾಗಿಲ್ಲ. ಆ ಹುಡುಗಿಗೆ ಬಿಸಿ ಆಗ್ತಾ ಇದೆ, ನೋಡಿದ್ರೆ ಗೊತ್ತಾಗಲ್ವಾ?'

ನನಗೆ ಗೊತ್ತಾಗಿರಲಿಲ್ಲ. ನಾನು ಬರೀ ಬಣ್ಣ ನೋಡಿದ್ದೆ. ಆದರೆ ಇದು ಅಮ್ಮನ ನೆನಪು, ಚಿತ್ರದ ಗುಣ ಅಲ್ಲ ಅನ್ನೋದು ನನ್ನ ವಾದ. ಚಿತ್ರ ಸಾಧಾರಣವಾಗಿದ್ದರೂ ಆ ನೆನಪು ಬರುತ್ತಿತ್ತು.

ಡ್ರಾಯಿಂಗ್ ಮೇಷ್ಟ್ರು:

ಬರುತ್ತಿರಲಿಲ್ಲ. ದೀಪ ಹಿಡಿದ ಹೆಂಗಸಿನ ಕ್ಯಾಲೆಂಡರ್ ಚಿತ್ರಗಳು ಸಾವಿರ ಇವೆ. ಅವುಗಳ ಮುಂದೆ ನಿಮ್ಮ ತಾಯಿ ಅಂಗೈ ಬಿಸಿಯ ಮಾತು ಎತ್ತಿದ್ದಾರಾ? ಕೇಳಿ ನೋಡಿ. ಬಿಸಿ ಅನ್ನುವುದನ್ನು ಬಣ್ಣದಲ್ಲಿ ತೋರಿಸಲು ಆಗಲ್ಲ, ಕೈಯ ಬಾಗಿನಲ್ಲಿ ತೋರಿಸಬೇಕು. ಗಂಟೆಗಟ್ಟಲೆ ನಿಂತ ಮಗಳ ಕೈ ನೋಡಿ ಬರೆದವರಿಗೆ ಅದು ಸಿಕ್ಕಿತು. ನಿಮ್ಮ ತಾಯಿಗೆ ನನ್ನ ನಮಸ್ಕಾರ ಹೇಳಿ. ಇಷ್ಟು ವರ್ಷದಲ್ಲಿ ಆ ಚಿತ್ರದ ಬಗ್ಗೆ ನಾನು ಕೇಳಿದ ಒಳ್ಳೇ ಮಾತು ಅದು.

ಚಿನ್ನದ ರೇಕು:

ತಡವಾಗಿ ಬಂದೆ. ನಾನು ಮೈಸೂರು ಸಾಂಪ್ರದಾಯಿಕ ಶೈಲಿ ಕಲಿಯುತ್ತಿರುವವಳು. ಎಲ್ಲರೂ ದೀಪ, ರವಿವರ್ಮ ಅಂತ ಜಗಳ ಆಡ್ತಾ ಇದ್ದೀರಿ. ಆ ಅರಮನೆ ಕಟ್ಟಿಸಿದ್ದು 1861ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ಕಾಲದಲ್ಲಿ ಬೆಳೆದ ಚಿತ್ರಕಲೆಯ ಬಗ್ಗೆ ಹಾದಿಹೋಕಿಯವರ ಒಂದು ಸಾಲು ಬಿಟ್ಟರೆ ಯಾರೂ ಮಾತೇ ಆಡಲಿಲ್ಲ!

ಮೇಲಿನ ರಂಗಮಹಲಿನ ಗೋಡೆ ನೋಡಿ. ದಸರಾ ಮೆರವಣಿಗೆ ಇದೆ. ಒಡೆಯರ ವಂಶವನ್ನು ತಾವರೆಯ ದಳದೊಳಗೆ ಜೋಡಿಸಿದ 'ಸಂತಾನಾಂಬುಜ' ಇದೆ. ಅಲ್ಲಿ ಬೆಳಕು ಎಲ್ಲಿಂದ ಬೀಳುತ್ತಿದೆ ಅಂತ ಹುಡುಕಿ ನೋಡಿ. ಸಿಗಲ್ಲ. ನೆರಳೇ ಇಲ್ಲ. ಆನೆಗೂ ಇಲ್ಲ, ಕುದುರೆಗೂ ಇಲ್ಲ, ದೊರೆಗೂ ಇಲ್ಲ. ಹಿಂದಿನ ಸಾಲಿನ ಸಿಪಾಯಿಯೂ ಮುಂದಿನವನಷ್ಟೇ ಸ್ಪಷ್ಟ. ಯಾರನ್ನೂ ಕತ್ತಲಿಗೆ ತಳ್ಳಿಲ್ಲ. ನನಗೆ ಅದು ಇಷ್ಟ.

ಇನ್ನು ಚಿನ್ನದ ಮಾತು. ನಮ್ಮ ಶೈಲಿಯ ದೇವರ ಪಟಗಳಲ್ಲಿ ಬಿಳಿ ಪುಡಿ, ಗೋಂದು ಕಲಸಿ ಆಭರಣಗಳನ್ನು ಸಣ್ಣಗೆ ಉಬ್ಬಿಸುತ್ತೇವೆ. ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತೇವೆ. ತಂಜಾವೂರಿನಷ್ಟು ಉಬ್ಬು ಇರಲ್ಲ, ಕೈ ಆಡಿಸಿದರೆ ಮಾತ್ರ ತಿಳಿಯುವಷ್ಟು. ಟ್ಯೂಬ್‌ಲೈಟ್ ಕೆಳಗೆ ಅದು ಬರೀ ಹಳದಿ ಕಾಣುತ್ತೆ. ದೇವರ ಕೋಣೆಯಲ್ಲಿ ಎಣ್ಣೆ ದೀಪ ಹಚ್ಚಿ ನೋಡಿ. ದೀಪ ಅಲುಗಿದಾಗ ದೇವಿಯ ಓಲೆ, ಕಿರೀಟ, ಸೀರೆ ಅಂಚು ಒಂದಾದಮೇಲೆ ಒಂದು ಮಿನುಗುತ್ತವೆ. ನಮ್ಮ ಪಟ ಬೆಳಕನ್ನು ಹೊರಗಿನಿಂದ ಪಡೆಯುತ್ತೆ. ಹಲ್ದಂಕರ್ ಚಿತ್ರ ಬೆಳಕನ್ನು ತನ್ನೊಳಗೇ ಇಟ್ಟುಕೊಂಡಿದೆ. ಅದರ ಮುಂದೆ ನೀವು ನಿಜವಾದ ದೀಪ ಹಿಡಿದರೆ ಅದರ ಬೆಳಕು ಸತ್ತೇ ಹೋಗುತ್ತೆ. ಯಾವುದು ದೊಡ್ಡದು ಅಂತ ಹೇಳುತ್ತಿಲ್ಲ. ಆದರೆ ಮೈಸೂರಿನ ಬೆಳಕು ಅಂದರೆ ಆ ಒಂದು ಚಿತ್ರ ಮಾತ್ರ ಅಂತ ಆಗಿಬಿಟ್ಟಿದೆ. ಅದು ಬೇಜಾರು.

ಹಾದಿಹೋಕಿ:

ನೆರಳೇ ಇಲ್ಲ! ಆ ಗೋಡೆ ಮುಂದೆ ನಿಂತಾಗ ಏನೋ ಹಗುರ ಅನಿಸಿತ್ತು. ಯಾಕೆ ಅಂತ ಈಗ ಹೊಳೀತು.

ಯೂಟ್ರೆಕ್ಟ್ ಕನ್ನಡಿಗ:

ರೇಕು ಅವರ ಕಮೆಂಟ್ ಓದಿದ ಮೇಲೆ ಒಂದು ಅನಿಸುತ್ತಿದೆ. ಹಾಗಾದರೆ ರವಿವರ್ಮ ಮೈಸೂರಿಗೆ ಬಂದಾಗ ನಮ್ಮ ಚಿತ್ರಗಾರರ ಮನೆಗಳಲ್ಲಿ ಏನಾಗಿರಬೇಕು? 1885ರಲ್ಲೇ ಚಾಮರಾಜೇಂದ್ರ ಒಡೆಯರು ಅವರನ್ನು ಕರೆಸಿ ರಾಜಮನೆತನದವರ ಚಿತ್ರ ಬರೆಸಿದ್ದರು. ಒಮ್ಮೆ ಅರಮನೆಗೆ ನೆರಳು ಬೆಳಕಿನ ರುಚಿ ಹತ್ತಿದ ಮೇಲೆ ರೇಕಿನ ಕೆಲಸದವರಿಗೆ ಕೆಲಸ ಕಡಿಮೆ ಆಗಿರಲೇಬೇಕು ಅಲ್ವಾ?

ಚಿನ್ನದ ರೇಕು:

ಒಂದು ಕಡೆ ಹೌದು. ಆದರೆ ಪಟ ಬರೆಯುವುದು ನಿಲ್ಲಲಿಲ್ಲ. ಮನೆಗಳಲ್ಲಿ ಪೂಜೆಗೆ ಪಟ ಬೇಕೇ ಬೇಕಲ್ಲ. ರವಿವರ್ಮನ ಅಚ್ಚಿನ ಪಟಗಳು ಪೆಟ್ಟು ಕೊಟ್ಟದ್ದು ಜಾಸ್ತಿ. 1894ರಲ್ಲಿ ಅವರು ಮುಂಬೈ ಹತ್ತಿರ ಪ್ರೆಸ್ ಶುರು ಮಾಡಿದ್ದು. ಅಲ್ಲಿಂದ ಲಕ್ಷ್ಮಿ, ಸರಸ್ವತಿ ಎಲ್ಲರ ಕೈಗೂ ಎಟುಕುವ ಬೆಲೆಗೆ ಸಿಗತೊಡಗಿದರು.

ದೇವರಾಜ ಮೊಹಲ್ಲಾ:

ರವಿವರ್ಮನ ವಿಷಯ ಬಂತಲ್ಲ, ಹಾದಿಹೋಕಿಯವರೇ, ಜಟಾಯುವನ್ನು ಯಾಕೆ ಬಿಟ್ರಿ? ನಾಲ್ವಡಿಯವರು ಹೊಸ ಅರಮನೆಗೆ ಅಂತ ಒಂಬತ್ತು ಪುರಾಣದ ಚಿತ್ರ ಬರೆಸಿದರಲ್ಲ, ಅದರಲ್ಲಿ ಒಂದು. 1906, ಅಂದರೆ ರವಿವರ್ಮ ತೀರಿಕೊಂಡ ವರ್ಷವೇ. ಜೊತೆಗೆ ದುಡಿಯುತ್ತಿದ್ದ ತಮ್ಮ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ. ತನ್ನ ಆರೋಗ್ಯವೂ ಕೆಟ್ಟಿತ್ತು. ಅಂಥ ಹೊತ್ತಿನಲ್ಲಿ ಬರೆದ ಚಿತ್ರ. ರಾವಣ ಕತ್ತಿ ಎತ್ತಿದ್ದಾನೆ, ರೆಕ್ಕೆ ಕಡಿದು ಬೀಳುತ್ತಿದೆ, ಸೀತೆ ನೋಡಲಾರದೆ ಮುಖ ಮುಚ್ಚಿಕೊಂಡಿದ್ದಾಳೆ. ಅದು ಚಮತ್ಕಾರ ಅಲ್ಲ ತಾನೇ?

ಹಾದಿಹೋಕಿ:

ನೋಡಿದೆ. ಬಿಟ್ಟದ್ದು ಬೇಕಂತಲೇ. ನನಗೆ ಅದು ನಾಟಕ ಕಂಪನಿಯ ಸೀನು ಥರ ಕಂಡಿತು. ರಾವಣ ಎಷ್ಟು ಚೆನ್ನಾಗಿ ಪೋಸ್ ಕೊಟ್ಟಿದ್ದಾನೆ ಅಂದರೆ, ಪರದೆ ಬೀಳುವ ತನಕ ಹಾಗೇ ನಿಂತಿರುತ್ತಾನೆ. ಮುಖ ಮುಚ್ಚಿಕೊಂಡ ಸೀತೆ ಮಾತ್ರ ನಿಜ. ಅವಳೊಬ್ಬಳೇ ನಮಗೋಸ್ಕರ ನಟಿಸುತ್ತಿಲ್ಲ.

ಕುಂದಾನಗರಿ:

ನಾಟಕದ ಥರ ಅನ್ನುವುದು ಬೈಗುಳ ಯಾಕಾಗಬೇಕು? ರವಿವರ್ಮನ ಮೇಲೆ ಆ ಕಾಲದ ರಂಗಭೂಮಿಯ ಪ್ರಭಾವ ಇತ್ತು ಅಂತ ಕಲೆಯ ಇತಿಹಾಸ ಬರೆಯುವವರು ಹೇಳುತ್ತಲೇ ಬಂದಿದ್ದಾರೆ. ಕಂಪನಿ ನಾಟಕ ನೋಡಿ ಅತ್ತವರ ಮಕ್ಕಳು ಮೊಮ್ಮಕ್ಕಳು ನಾವು. ನಿಮ್ಮ ಹನ್ನೊಂದು ಸಂಗೀತಗಾರ್ತಿಯರೂ ಫೋಟೋ ಸ್ಟುಡಿಯೋದಲ್ಲಿ ಕೂತ ಹಾಗೇ ಕೂತಿದ್ದಾರಲ್ಲ? ಅಲ್ಲಿ ಪೋಸ್ ಆದರೆ ರಹಸ್ಯ, ಇಲ್ಲಿ ಪೋಸ್ ಆದರೆ ನಾಟಕ. ಇದ್ಯಾವ ನ್ಯಾಯ?

ಹಾದಿಹೋಕಿ:

ಅಲ್ಲಿ ಪೋಸ್ ಕೊಡುವುದೇ ಅವರ ಕೆಲಸ. ಚಿತ್ರಕ್ಕೆ ಅಂತಲೇ ಕರೆಸಿ ಕೂರಿಸಿದ್ದಾರೆ, ಮುಖದಲ್ಲಿ ಆ ಬೇಸರವೂ ಕಾಣುತ್ತೆ. ಜಟಾಯು ಸಾಯುವಾಗ ರಾವಣನಿಗೆ ಪೋಸ್ ಯಾಕೆ ಬೇಕು? ಇಬ್ಬರೂ ಒಪ್ಪಲ್ಲ ಬಿಡಿ ಇದರಲ್ಲಿ.

ಡ್ರಾಯಿಂಗ್ ಮೇಷ್ಟ್ರು:

ಜಲವರ್ಣದ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಕೆ. ವೆಂಕಟಪ್ಪನವರ ಹೆಸರಿನ ಗ್ಯಾಲರಿ ಇದೆ. ಮೈಸೂರು ಅರಮನೆಯ ಚಿತ್ರಗಾರರ ಮನೆತನದವರು. ರೇಕು ಅವರು ಹೇಳಿದ ಪರಂಪರೆಯಿಂದ ಬಂದವರೇ. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತರು. ನಡುವೆ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು.

ಅವರು 1926ರಲ್ಲಿ ಬರೆದ ಊಟಿಯ ಜಲವರ್ಣ ಚಿತ್ರಗಳಿವೆ. ಬೆಟ್ಟ, ಮೋಡ, ಬೆಳಗಿನ ಮಂಜು. ಅಲ್ಲಿ ಬೆಳಕಿಗೆ ಒಂದು ಜಾಗ ಅಂತ ಇಲ್ಲ, ಎಲ್ಲಾ ಕಡೆಯಿಂದ ಸೋಸಿ ಬರುತ್ತದೆ. ಚಿಕ್ಕ ಚಿತ್ರಗಳು. ನಾನು ಹೋದಾಗ ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ದೀಪದ ಚಿತ್ರಕ್ಕೆ ಜನ ಸಾಲುಗಟ್ಟುತ್ತಾರೆ, ಅದೇ ಜಲವರ್ಣದಲ್ಲಿ ನಮ್ಮವರೇ ಬರೆದ ಊಟಿಗೆ ಯಾರೂ ಬರುವುದಿಲ್ಲ. ಹಾದಿಹೋಕಿಯವರು ಕೇಳಿದ್ದ ಪ್ರಶ್ನೆ ಇಲ್ಲಿ ಸರಿಯಾಗಿ ಕೂರುತ್ತದೆ. ನಾವು ಬೆಳಕನ್ನು ನೋಡಲು ಹೋಗುತ್ತೇವಾ, 'ಅಬ್ಬಾ' ಅನ್ನಲು ಹೋಗುತ್ತೇವಾ?

ದೇವರಾಜ ಮೊಹಲ್ಲಾ:

ಮೇಷ್ಟ್ರೇ, ನೀವು ನಮ್ಮ ಕಡೆ ಇದ್ದೀರಿ ಅಂದುಕೊಂಡಿದ್ದೆ!

ಡ್ರಾಯಿಂಗ್ ಮೇಷ್ಟ್ರು:

ನಾನು ವಾಟರ್ ಕಲರ್ ಕಡೆ ಕಣಪ್ಪ.

ಚಿನ್ನದ ರೇಕು:

'ಅಬ್ಬಾ' ಅನ್ನುವುದರಲ್ಲಿ ತಪ್ಪೇನಿದೆ ಮೇಷ್ಟ್ರೇ? ನಾನು ಚಿತ್ರಕಲೆಗೆ ಬಂದದ್ದೇ ಚಿಕ್ಕವಳಿದ್ದಾಗ ಆ ದೀಪ ನೋಡಿ ಅಬ್ಬಾ ಅಂದಿದ್ದರಿಂದ. ಆಮೇಲೆ ರಂಗಮಹಲಿನ ಗೋಡೆಗೆ ಬಂದೆ. ದೀಪ ಇಲ್ಲದಿದ್ದರೆ ಗೋಡೆವರೆಗೂ ಹೋಗುತ್ತಲೇ ಇರಲಿಲ್ಲ.

ಸುಮ್ನೆ ಬಂದೆ:

ಊಟಿ ಚಿತ್ರ ನೋಡೋಕೆ ನಾನು ಬರ್ತೀನಿ ಮೇಷ್ಟ್ರೇ. ಬೆಂಗಳೂರಲ್ಲೇ ಇದ್ದೀನಿ. ಆದರೆ ಮುಂದೆ ನಿಂತು ಏನು ನೋಡಬೇಕು ಅಂತ ಮೊದಲೇ ಹೇಳಿ, ಇಲ್ಲಾಂದ್ರೆ ಬರೀ 'ಚೆನ್ನಾಗಿದೆ' ಅಂದ್ಕೊಂಡು ವಾಪಸ್ ಬರ್ತೀನಿ.

ಡ್ರಾಯಿಂಗ್ ಮೇಷ್ಟ್ರು:

ಮೊದಲು ಹತ್ತಿರ ಹೋಗಿ, ಬಣ್ಣ ಎಲ್ಲಿ ಬಹಳ ತೆಳುವಾಗಿದೆ ಅಂತ ಹುಡುಕಿ. ಮೋಡದ ಅಂಚಿನಲ್ಲಿ ಸಿಗುತ್ತದೆ. ಆಮೇಲೆ ದೂರ ನಿಂತು ಆ ಜಾಗ ಏನಾಗಿ ಕಾಣುತ್ತದೆ ಅಂತ ನೋಡಿ. ಹೋಗಿ ಬಂದ ಮೇಲೆ ಇಲ್ಲಿ ಬರೆಯಿರಿ. ಹಾದಿಹೋಕಿಯವರೇ, ನೀವೂ ಹೋಗಿ. ತಾಯಿಯವರನ್ನು ಕರೆದುಕೊಂಡೇ ಹೋಗಿ.

ಹಾದಿಹೋಕಿ:

ಅಮ್ಮನಿಗೆ ಊಟಿ ಅಂದರೆ ಚಳಿ ಅಂತ ಆಗಲ್ಲ. ಚಿತ್ರದಲ್ಲಾದರೂ ಆಗುತ್ತೇನೋ ನೋಡ್ತೀನಿ. ಆದರೆ ಮೇಷ್ಟ್ರೇ, ಅಂಗೈ ಬಿಸಿ ಕೈಯ ಬಾಗಿನಲ್ಲಿದೆ ಅಂದಿರಲ್ಲ, ಅದನ್ನು ನಾನಿನ್ನೂ ಪೂರ್ತಿ ಒಪ್ಪಿಲ್ಲ.